ಸುದ್ದಿಗೂ ಒಂದು ವಿಳಾಸ ಬೇಕು

ಕಾರ್ಕಳದಿಂದ ಪೂರ್ವಕ್ಕೆ ಸಾಗುವ ರಸ್ತೆ ಬಜಗೋಳಿಯಲ್ಲಿ ಕವಲೊಡೆಯುತ್ತದೆ. ಒಂದು ಮಾಳದ ಮೂಲಕ ಘಟ್ಟ ಹತ್ತಿ ಕುದುರೆಮುಖ, ಶೃಂಗೇರಿಗಳತ್ತ ಹೋದರೆ ಇನ್ನೊಂದು ನಾರಾವಿಯ ಮೂಲಕ ಧರ್ಮಸ್ಥಳದತ್ತ ಹೋಗುತ್ತದೆ. ಇಂಥ ಕವಲುದಾರಿಯ ಪೇಟೆಗಳು ಮೊದಲಿನಿಂದಲೂ ಸುದ್ದಿಯ ತಂಗುದಾಣಗಳು. ಮಳೆಗಾಲದಲ್ಲಿ ಘಟ್ಟದ ದಾರಿಗೆ ಮರ ಬಿದ್ದಿದೆಯೇ ಎಂಬುದನ್ನು ಮೇಲಿನಿಂದ ಇಳಿದು ಬಂದ ಬಸ್ಸಿನ ಚಾಲಕನೇ ಹೇಳಬೇಕಾಗಿದ್ದ ಕಾಲವೊಂದಿತ್ತು. ಈಗ ಅದೇ ಸುದ್ದಿ ಬಸ್ಸಿಗಿಂತ ಮೊದಲೇ ಮೊಬೈಲಿಗೆ ಬಂದು ಬೀಳುತ್ತದೆ. ವೇಗ ಹೆಚ್ಚಿದೆ ನಿಜ. ಆದರೆ ಚಾಲಕನಿಗೆ ಒಂದು ಮುಖವಿತ್ತು. ಹೇಳಿದ್ದು ಸುಳ್ಳಾದರೆ ಮರುದಿನ ಅದೇ ಬಸ್ಸಿನಲ್ಲಿ ಬರುವ ಅವನನ್ನು ನಿಲ್ಲಿಸಿ ಕೇಳಬಹುದಿತ್ತು. ಮೊಬೈಲಿಗೆ ಬಂದ ಸಂದೇಶವನ್ನು ಹಾಗೆ ನಿಲ್ಲಿಸಿ ಕೇಳುವುದು ಹೇಗೆ?

ಕನ್ನಡದಲ್ಲಿ ಸುದ್ದಿ ಅಚ್ಚಾಗತೊಡಗಿದ್ದೇ ಈ ಕರಾವಳಿಯಲ್ಲಿ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿದ್ದ ಆ ಪತ್ರಿಕೆ ಹದಿನೈದು ದಿನಗಳಿಗೊಮ್ಮೆ ಬರುತ್ತಿತ್ತು. ಮರುವರ್ಷ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಜುಲೈ 1 ಇಂದಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನ. ಅಂದಿನ ಓದುಗನಿಗೆ ಹದಿನೈದು ದಿನ ಹಳೆಯ ಸಂಗತಿಯೂ ಹೊಸ ಸುದ್ದಿಯೇ ಆಗಿತ್ತು.

ಮುಂದೆ 1867ರಲ್ಲಿ ಪತ್ರಿಕೆ ಮತ್ತು ಪುಸ್ತಕಗಳ ನೋಂದಣಿ ಕಾಯಿದೆ ಬಂತು. ಅಚ್ಚಾದ ಪತ್ರಿಕೆಯ ಮೇಲೆ ಮುದ್ರಕ ಯಾರು, ಅಚ್ಚಾದ ಸ್ಥಳ ಯಾವುದು ಎಂಬುದು ಕಡ್ಡಾಯವಾಗಿ ಇರಬೇಕಾಯಿತು. ಕ್ರಮೇಣ ಸಂಪಾದಕರ ಹೆಸರೂ ಅದಕ್ಕೆ ಸೇರಿತು. ಆ ಕಾಯಿದೆಯ ಜಾಗಕ್ಕೆ 2024ರ ಮಾರ್ಚ್ 1ರಿಂದ ಹೊಸ ಕಾಯಿದೆ ಬಂದಿದೆ. ಬ್ರಿಟಿಷರಿಗೆ ಇದು ಪತ್ರಿಕೆಗಳ ಮೇಲೆ ಕಣ್ಣಿಡುವ ಉಪಾಯವಾಗಿದ್ದಿರಬಹುದು. ಓದುಗನಿಗೆ ಮಾತ್ರ ಅದರಿಂದ ದೊಡ್ಡ ಉಪಕಾರವಾಯಿತು. ಪುಟದ ಕೊನೆಯಲ್ಲಿ ಯಾರೂ ಓದದ ಆ ಸಣ್ಣಕ್ಷರದ ಸಾಲೇ ಸುದ್ದಿಯ ವಿಳಾಸ. ತಪ್ಪು ಬರೆದರೆ ಪತ್ರ ಹಾಕಲು, ಬೇಕಾದರೆ ಕೋರ್ಟಿಗೆ ಎಳೆಯಲು ಒಬ್ಬ ಮನುಷ್ಯ ಅಲ್ಲಿರುತ್ತಾನೆ.

ಮಂಗಳೂರಿನಲ್ಲಿ 1941ರಲ್ಲಿ 'ನವಭಾರತ', ಮಣಿಪಾಲದಲ್ಲಿ 1970ರ ಜನವರಿ 1ರಂದು 'ಉದಯವಾಣಿ' ಹುಟ್ಟಿದವು. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾಯಿತು. ಬೆಳಿಗ್ಗೆ ರೇಡಿಯೋ ವಾರ್ತೆ, ಬಸ್ಸಿನಲ್ಲಿ ಬಂದ ಪೇಪರು, ಸಂಜೆ ಅಂಗಡಿ ಜಗಲಿಯ ಚರ್ಚೆ: ಇದೇ ಕರಾವಳಿಯ ಹಳ್ಳಿಗಳ ದಿನಚರಿಯಾಯಿತು. ಇದರಲ್ಲಿ ಕೊರತೆಗಳೂ ಇದ್ದವು. ಪತ್ರಿಕೆಗಳೂ ತಪ್ಪು ಬರೆದಿವೆ. ದೂರದ ಹಳ್ಳಿಯ ಕಷ್ಟ ಎಷ್ಟೋ ಸಲ ಅಚ್ಚಿನ ಮುಖವನ್ನೇ ಕಾಣಲಿಲ್ಲ. ಆದರೆ ಸುದ್ದಿಗೆ ಒಂದು ಆರಂಭ, ಒಂದು ಕೊನೆ ಇತ್ತು. ಪೇಪರು ಓದಿ ಮಡಚಿಟ್ಟರೆ ಅಂದಿನ ಸುದ್ದಿ ಮುಗಿಯಿತು.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಗಿ ಅದು ಹಳ್ಳಿಯ ಕಿಸೆ ಸೇರಿತು. ಇದರ ಲಾಭ ಸಣ್ಣದಲ್ಲ. ಊರಿನ ಸುದ್ದಿಯನ್ನು ಮುಂಬಯಿಯ ಹೋಟೆಲಿನಲ್ಲಿರುವ ಅಣ್ಣನೂ ದುಬೈಯಲ್ಲಿರುವ ತಮ್ಮನೂ ಒಂದೇ ಗಳಿಗೆಯಲ್ಲಿ ಓದುತ್ತಾರೆ. ಹವಾಮಾನ ಇಲಾಖೆಯ ಎಚ್ಚರಿಕೆ ನೇರವಾಗಿ ಕೈಗೆ ಸಿಗುತ್ತದೆ. ಕಳೆದುಹೋದದ್ದು ಆ ಸಣ್ಣಕ್ಷರದ ಸಾಲು.

ಅದರ ಬೆಲೆಯನ್ನು ಕರ್ನಾಟಕ ಒಂದಕ್ಕಿಂತ ಹೆಚ್ಚು ಸಲ ತೆತ್ತಿದೆ. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆ ಎಂಬ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಸಾವಿರಾರು ಜನ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಇನ್ನೊಂದು ಘಟನೆ ಇನ್ನೂ ಘೋರ. 2018ರ ಜುಲೈ 13ರಂದು ಬೀದರ್ ಜಿಲ್ಲೆಗೆ ಬಂದಿದ್ದ ಹೈದರಾಬಾದಿನ ಗೆಳೆಯರು ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಡಿತು. ಅವರು ಕಾರಿನಲ್ಲಿ ಪಾರಾಗಲು ಹೊರಟರೆ, ಕಾರಿಗಿಂತ ಮೊದಲೇ ಸಂದೇಶ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ದಾರಿಗೆ ಅಡ್ಡಗಟ್ಟಿದ ಗುಂಪಿನ ಹೊಡೆತಕ್ಕೆ ಒಬ್ಬ ಯುವ ಇಂಜಿನಿಯರ್ ಬಲಿಯಾದ. ಆ ಸಂದೇಶವನ್ನು ಮುಂದೆ ಕಳಿಸಿದವರಲ್ಲಿ ಅನೇಕರು ಮಕ್ಕಳ ಹಿತವೇ ತಮ್ಮ ಉದ್ದೇಶವೆಂದು ನಂಬಿದ್ದಿರಬೇಕು.

ಸುಳ್ಳು ಇಷ್ಟು ಬೇಗ ಓಡುವುದೇಕೆ? ಅಮೆರಿಕದ ಎಂಐಟಿ ಸಂಶೋಧಕರು ಟ್ವಿಟರಿನಲ್ಲಿ 2006ರಿಂದ 2017ರ ವರೆಗೆ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. 1,500 ಜನರನ್ನು ತಲುಪಲು ಸತ್ಯಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ಹಿಡಿದಿತ್ತು. ಇದಕ್ಕೆ ಯಂತ್ರಗಳಿಗಿಂತ ಮನುಷ್ಯರೇ ಹೆಚ್ಚು ಕಾರಣ ಎಂದೂ ಅವರು ಕಂಡುಕೊಂಡರು. ಸುಳ್ಳಿಗೆ ಹೊಸತನವಿರುತ್ತದೆ, ಬೆರಗು ಹುಟ್ಟಿಸುತ್ತದೆ. ಬೆರಗಾದವನು ಇನ್ನೊಬ್ಬನಿಗೆ ಹೇಳದೆ ಇರಲಾರ.

2018ರ ಜುಲೈಯಲ್ಲಿ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸುವ ಮಿತಿ ತಂದಿತು. ಹಲವು ಕೈ ದಾಟಿದ ಸಂದೇಶವನ್ನು 2020ರಿಂದ ಒಮ್ಮೆಗೆ ಒಂದೇ ಕಡೆ ಕಳಿಸಬಹುದು. ಅಂಥದಕ್ಕೆ ಜೋಡಿ ಬಾಣದ ಗುರುತೂ ಇರುತ್ತದೆ. ಆ ಗುರುತು ಕಂಡರೆ ಕಳಿಸಿದ ಬಂಧು ಸುದ್ದಿಯ ಮೂಲವಲ್ಲ, ಬರೇ ಸಾಗಿಸಿದವನು ಎಂದು ತಿಳಿಯಬೇಕು. ಅವನ ಮೇಲಿನ ನಂಬಿಕೆಯನ್ನು ಅವನು ತಂದ ಸುದ್ದಿಗೂ ಕೊಟ್ಟುಬಿಡುವಲ್ಲಿಯೇ ಎಡವಟ್ಟಾಗುತ್ತದೆ.

ಕರಾವಳಿಯ ಮನೆಮನೆಗೂ ತಿಳಿದ ಉದಾಹರಣೆ ಮಳೆಗಾಲದ ಶಾಲಾ ರಜೆ. ಜಿಲ್ಲಾಧಿಕಾರಿಗಳ ಹಳೆಯ ಆದೇಶದ ದಿನಾಂಕ ತಿದ್ದಿ ಹರಿಯಬಿಡುವುದು, ಅದು ನಕಲಿಯೆಂದು ಕಚೇರಿಯೇ ಸ್ಪಷ್ಟನೆ ಕೊಡಬೇಕಾಗುವುದು ನಡೆದಿದೆ. ಇಲ್ಲಿ ನಷ್ಟ ಒಂದು ದಿನದ ಪಾಠ ಅಷ್ಟೇ. ಆದರೆ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರಿಲ್ಲ. ದಿನಾಂಕ ಯಾವುದು, ಜಿಲ್ಲೆ ಯಾವುದು, ಹೇಳಿದವರು ಯಾರು, ಇನ್ನೊಂದು ಕಡೆಯೂ ಇದೇ ಬಂದಿದೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಎರಡು ನಿಮಿಷ ಸಾಕು.

ದಿನಕ್ಕೆ ಎರಡು ಹೊತ್ತು, ಹೆಸರಿರುವ ಎರಡು ಮೂಲಗಳಿಂದ ಸುದ್ದಿ ತಿಳಿದವನು ದಿನವಿಡೀ ಪರದೆ ಉಜ್ಜುವವನಿಗಿಂತ ಹಿಂದೆ ಬೀಳುವುದಿಲ್ಲ. ಪತ್ರಿಕೆಯ ಕಾಲದಲ್ಲಿ ಸುದ್ದಿ ಸರಿಯೋ ತಪ್ಪೋ ಎಂದು ನೋಡುವುದು ಸಂಪಾದಕನ ಕೆಲಸವಾಗಿತ್ತು, ಸಂಬಳವೂ ಅವನಿಗೇ. ಈಗ ಆ ಕೆಲಸ ಮೊಬೈಲು ಹಿಡಿದ ಪ್ರತಿಯೊಬ್ಬರ ಪಾಲಿಗೂ ಬಂದಿದೆ, ಸಂಬಳವಿಲ್ಲದೆ.