ಮಗುವಿನ ಮನೆಯಲ್ಲೇ ಸಿಗುವ ಪಾಠೋಪಕರಣ

ಆಟಿಸಂ, ಅಂದರೆ ಸ್ವಲೀನತೆ, ಮಾತು, ಒಡನಾಟ ಮತ್ತು ವರ್ತನೆಗಳು ಬೆಳೆಯುವ ಬಗೆಯಲ್ಲಿಯೇ ಎಳವೆಯಿಂದ ಕಾಣಿಸಿಕೊಳ್ಳುವ ಭಿನ್ನತೆಯಾಗಿದ್ದು, 1995ರ ಅಂಗವಿಕಲರ ಕಾಯಿದೆ ಪಟ್ಟಿಮಾಡಿದ ಏಳು ವರ್ಗಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ವರ್ಗಗಳನ್ನು 21ಕ್ಕೆ ಏರಿಸಿ ಆಟಿಸಂ ಅನ್ನೂ ಸೇರಿಸಿಕೊಂಡಿತು, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿದೆಯೆಂದು ಪ್ರಮಾಣೀಕರಿಸಲಾದ ವಿದ್ಯಾರ್ಥಿಗಳಿಗೆ 18ನೇ ವಯಸ್ಸಿನವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಮತ್ತು ಸೂಕ್ತ ಸಹಾಯಕ ಸಾಧನಗಳನ್ನು ಉಚಿತವಾಗಿ ಒದಗಿಸಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಆದರೆ ಸಾಮಗ್ರಿ ಕೈಸೇರಿದ ಮಾತ್ರಕ್ಕೆ ಕಲಿಕೆ ಆರಂಭವಾಗುವುದಿಲ್ಲವೆಂಬುದು ಮಲೆಬೆನ್ನೂರಿನಂಥ ಊರಿನ ಬದುಕನ್ನು ಮುಂದಿಟ್ಟುಕೊಂಡು ನೋಡಿದಾಗ ಸ್ಪಷ್ಟವಾಗುತ್ತದೆ.

ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಮಲೆಬೆನ್ನೂರು ಹರಿಹರ ತಾಲ್ಲೂಕಿಗೆ ಸೇರಿದ್ದು, ಮಗುವಿನ ಪರೀಕ್ಷೆ ಹಾಗೂ ಚಿಕಿತ್ಸೆಗೆ ಬೇಕಾದ ತಜ್ಞರನ್ನು ಕಾಣಲು ಇಲ್ಲಿನ ಪೋಷಕರು ಸಾಮಾನ್ಯವಾಗಿ ದಾವಣಗೆರೆಗೇ ಹೋಗಬೇಕಾಗುತ್ತದೆ. ಅಲ್ಲಿ ಸಿಆರ್‌ಸಿ ಎಂದು ಕರೆಯಲಾಗುವ, ವಿಕಲಚೇತನರ ಪುನರ್ವಸತಿಗಾಗಿ ಕೇಂದ್ರ ಸರ್ಕಾರ ನಡೆಸುವ ಪ್ರಾದೇಶಿಕ ಕೇಂದ್ರವಿದೆ. ನಾಟಿಯ ಹೊತ್ತಿನಲ್ಲಿ ಒಂದು ದಿನದ ಪ್ರಯಾಣವೆಂದರೆ ಒಂದು ದಿನದ ಕೂಲಿಯ ನಷ್ಟವಾದ್ದರಿಂದ, ಕೇಂದ್ರಕ್ಕೆ ಹೋದ ದಿನ ಮಗುವಿಗೆ ಸಿಗುವ ಅಲ್ಪಕಾಲದ ತರಬೇತಿಗಿಂತ, ಅದನ್ನು ಮನೆಯಲ್ಲಿ ದಿನವೂ ಮುಂದುವರಿಸುವ ಕ್ರಮವನ್ನು ತಾಯಿಯೋ ಅಜ್ಜಿಯೋ ಕಲಿತು ಬರುವುದೇ ಹೆಚ್ಚು ಬೆಲೆಯುಳ್ಳದ್ದು. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಸಂಪನ್ಮೂಲ ಶಿಕ್ಷಕರು ಹೋಗಿ ಕಲಿಸುವ ಗೃಹಾಧಾರಿತ ಶಿಕ್ಷಣದ ಏರ್ಪಾಡು ಸಮಗ್ರ ಶಿಕ್ಷಣ ಯೋಜನೆಯಲ್ಲಿದ್ದು, ಅದೂ ಫಲ ಕೊಡುವುದು ಒಂದು ಭೇಟಿಗೂ ಮತ್ತೊಂದಕ್ಕೂ ನಡುವೆ ಮನೆಯವರು ಅಭ್ಯಾಸ ಬಿಡದಿದ್ದಾಗ ಮಾತ್ರ.

ಆಟಿಸಂ ಇರುವ ಅನೇಕ ಮಕ್ಕಳಿಗೆ ಕಿವಿಗೆ ಬಿದ್ದು ಮಾಯವಾಗುವ ಮಾತಿಗಿಂತ ಕಣ್ಣೆದುರು ನಿಲ್ಲುವ ಚಿತ್ರ ಸುಲಭವಾಗಿ ಅರ್ಥವಾಗುತ್ತದೆ. ಈ ತಿಳಿವಳಿಕೆಯನ್ನು ಆಧರಿಸಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಟೀಚ್ ಎಂಬ ಪದ್ಧತಿಯಲ್ಲಿ ದಿನಚರಿಯ ಚಿತ್ರಪಟ್ಟಿಗೆ ಮುಖ್ಯ ಸ್ಥಾನವಿದೆ: ಹಲ್ಲುಜ್ಜುವುದು, ಸ್ನಾನ, ತಿಂಡಿ, ಅಂಗನವಾಡಿ ಎಂಬ ಕ್ರಮದಲ್ಲಿ ಚಿತ್ರಗಳನ್ನು ಗೋಡೆಗೆ ಅಂಟಿಸಿ, ಒಂದೊಂದು ಕೆಲಸ ಮುಗಿದಂತೆ ಮಗುವೇ ಆ ಚಿತ್ರವನ್ನು ತೆಗೆದು ಡಬ್ಬಿಗೆ ಹಾಕುವಂತೆ ಮಾಡಿದರೆ, ಮುಂದೇನು ಎಂಬುದು ತಿಳಿಯದೆ ಹುಟ್ಟುವ ಕಳವಳವೂ ಅದರಿಂದಾಗುವ ರಂಪವೂ ಕಡಿಮೆಯಾಗುತ್ತವೆ. 1985ರಲ್ಲಿ ಆ್ಯಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ ಪೆಕ್ಸ್ ವಿಧಾನದಲ್ಲಿ ಮಗು ತನಗೆ ಬೇಕಾದ ವಸ್ತುವಿನ ಚಿತ್ರವನ್ನು ಎದುರಿಗಿರುವವರ ಕೈಗೆ ಕೊಟ್ಟು ಆ ವಸ್ತುವನ್ನು ಪಡೆಯುತ್ತದೆ. ಆರಂಭದಲ್ಲಿ ಮತ್ತೊಬ್ಬರು ಮಗುವಿನ ಹಿಂದೆ ಕುಳಿತು, ಮಾತಾಡದೆ, ಕೈಯನ್ನಷ್ಟೇ ನಡೆಸಿ ನೆರವಾಗುತ್ತಾರೆ. ಚಿತ್ರಕ್ಕೆ ಒಗ್ಗಿದ ಮಗು ಮಾತೇ ಕಲಿಯಲಾರದೆಂಬ ಭಯ ಪೋಷಕರಲ್ಲಿ ಸಹಜವಾದರೂ ಅಧ್ಯಯನಗಳು ಅದನ್ನು ಸಮರ್ಥಿಸಿಲ್ಲ. ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿರುವುದೂ ಕಂಡುಬಂದಿದೆ.

ಈ ಚಿತ್ರಗಳು ಎಲ್ಲಿಂದ ಬರಬೇಕೆಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಅಂಗಡಿಯಲ್ಲಿ ಸಿಗುವ ಕಾರ್ಡುಗಳಲ್ಲಿ ಸ್ಟ್ರಾಬೆರಿ ಮತ್ತು ಹಿಮಮನುಷ್ಯರಿರಬಹುದು, ಆದರೆ ಮಂಡಕ್ಕಿ ಕೇಳಬೇಕಾದ ಮಗುವಿಗೆ ಬೇಕಾಗಿರುವುದು ತನ್ನ ಮನೆಯ ತಟ್ಟೆಯಲ್ಲಿರುವ ಮಂಡಕ್ಕಿಯ ಚಿತ್ರ, ತನ್ನದೇ ನೀರಿನ ಲೋಟದ ಚಿತ್ರ. ಮೊಬೈಲಿನಲ್ಲಿ ತೆಗೆದು ಮುದ್ರಿಸಿ ರಟ್ಟಿಗೆ ಅಂಟಿಸಿದ ಇಂಥ ಫೋಟೊಗಳು ದುಬಾರಿ ಪೆಟ್ಟಿಗೆಗಳಿಗಿಂತ ಎಷ್ಟೋ ಉಪಯುಕ್ತ. ಉರ್ದು ಮಾತಾಡುವ ಮನೆಗಳೂ ಊರಿನಲ್ಲಿ ಬಹಳವಿರುವುದರಿಂದ, ಶಾಲೆಯ ಭಾಷೆ ಕನ್ನಡವೆಂಬ ಕಾರಣಕ್ಕೆ ಮಗುವಿನ ಮೊದಲ ಕಾರ್ಡುಗಳ ಮೇಲೆ ಕನ್ನಡವನ್ನೇ ಹೇರದೆ ತಾಯಿ ಆಡುವ ಮಾತನ್ನೇ ಬಳಸುವುದು ನ್ಯಾಯ.

ಉಳಿದ ವೈಕಲ್ಯಗಳಲ್ಲಿಯೂ ಇದೇ ವಿವೇಕ ನಡೆಯುತ್ತದೆ. ಮಿದುಳಿಗಾದ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಬಟ್ಟೆ ಸುತ್ತಿ ದಪ್ಪಗೊಳಿಸಿದ ಪೆನ್ಸಿಲ್, ಮಂದದೃಷ್ಟಿಯ ಮಗುವಿಗೆ ದಪ್ಪ ಕಪ್ಪು ಗೆರೆಯ ಪುಸ್ತಕ, ಬೌದ್ಧಿಕ ಅಸಾಮರ್ಥ್ಯವಿರುವ ಮಗುವಿಗೆ ಎಣಿಸಲು ಕಡಲೆಕಾಳು ಅಥವಾ ಹುಣಸೆಬೀಜ ಸಾಕಾಗಬಹುದು. ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುವ ಮಗುವಾದರೆ ಮಾತ್ರ ಕಾಳುಗಳ ಬದಲು ದೊಡ್ಡ ವಸ್ತುಗಳನ್ನೇ ಕೊಡಬೇಕು.

ಅಂಗನವಾಡಿಯಿಂದ ಒಂದನೇ ತರಗತಿಗೆ ಹೋಗುವಾಗ ಮಗುವಿನ ಆಧಾರ್ ಪ್ರತಿ ಮತ್ತು ವೈಕಲ್ಯ ಪ್ರಮಾಣಪತ್ರದ ಜೊತೆಗೆ ಅದು ಬಳಸುತ್ತಿದ್ದ ಕಾರ್ಡುಗಳ ಕಟ್ಟನ್ನೂ, ಯಾವ ಚಿತ್ರಕ್ಕೆ ಹೇಗೆ ಸ್ಪಂದಿಸುತ್ತದೆಂದು ಮನೆಯವರು ಬರೆದಿಟ್ಟ ಒಂದು ಹಾಳೆಯನ್ನೂ ಹೊಸ ಶಿಕ್ಷಕರ ಕೈಗೆ ಒಪ್ಪಿಸಿದರೆ, ಮಗು ಅದಾಗಲೇ ಕಲಿತದ್ದನ್ನು ಮತ್ತೆ ಮೊದಲಿನಿಂದ ಕಲಿಸುವ ಶ್ರಮ ಉಳಿಯುತ್ತದೆ.