ಹೆಬ್ಬೆರಳಿಗೂ ಹೊಸ ಕೀಲು, ಬಾಳಿಕೆ ಎಷ್ಟು?

ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸುವಾಗ ಹೆಬ್ಬೆರಳ ಬುಡದಲ್ಲಿ ಚುಳ್ ಎನ್ನುತ್ತದೆಯೇ? ಒದ್ದೆ ಬಟ್ಟೆ ಹಿಂಡುವಾಗ ಜೀವ ಹೋದಂತಾಗುತ್ತದೆಯೇ? 'ವಯಸ್ಸಾಯ್ತಲ್ಲ, ಇದ್ದದ್ದೇ' ಅಂತ ಮುಲಾಮು ತಿಕ್ಕಿ ಸುಮ್ಮನಾಗಬೇಡಿ.

ನಮ್ಮತ್ತೆ ಹಾಗೇ ಸುಮ್ಮನಿದ್ದರು. ಕಾಯಿ ತುರಿಯುವ ಕೆಲಸ ನನಗೆ ಬಿಟ್ಟಾಗ, ಸೋಮಾರಿತನ ಬಂತೇನೋ ಅಂದುಕೊಂಡಿದ್ದೆ. ಒಂದಿನ ಕಾಫಿ ಲೋಟ ಕೈಜಾರಿ ಬಿತ್ತು. ಆಗಲೇ ನನಗೆ ಗೊತ್ತಾಗಿದ್ದು.

ಎಕ್ಸ್‌ರೇಯಲ್ಲಿ ಹೆಬ್ಬೆರಳ ಬುಡದ ಕೀಲು ಸವೆದಿತ್ತು. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ಬೆರಳ ತುದಿಯಲ್ಲಿ 1 ಕೆ.ಜಿ.ಯಷ್ಟು ಒತ್ತಿ ಹಿಡಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕೆ.ಜಿ. ಬೀಳುತ್ತದಂತೆ!

ಆಪರೇಷನ್ ಮಾತು ಬಂದಾಗ ಅತ್ತೆ ಕೇಳಿದ್ದು ಒಂದೇ: 'ಹತ್ತು ವರ್ಷ ಆದ್ಮೇಲೂ ರೊಟ್ಟಿ ತಟ್ಟಬಹುದಾ ಡಾಕ್ಟ್ರೇ?' ನೀವೂ ಇದನ್ನೇ ಕೇಳಿ.

ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಬುಡದ ಪುಟ್ಟ ಮೂಳೆಯನ್ನೇ ತೆಗೆಯುವುದು. 1940ರ ದಶಕದಿಂದ ನಡೆದುಬಂದ ಪದ್ಧತಿ ಇದು. ಚೇತರಿಕೆಗೆ ಹಲವು ತಿಂಗಳು ಬೇಕು, ಬೆರಳು ತುಸು ಗಿಡ್ಡವಾಗುತ್ತದೆ. ಆದರೆ ಬಹುಪಾಲು ಜನರಿಗೆ ನೋವಿನ ಉಪಶಮನ ವರ್ಷಗಟ್ಟಲೆ ಉಳಿಯುತ್ತದೆ. ಸಡಿಲವಾಗಲು ಒಳಗೆ ಕೃತಕ ಕೀಲೇ ಇರೋದಿಲ್ಲವಲ್ಲ!

ಇನ್ನೊಂದು, ಗುಂಡು ಮತ್ತು ಬಟ್ಟಲಿನಂಥ ಕೃತಕ ಕೀಲು ಕೂರಿಸುವುದು. ಕೈ ಬೇಗ ಕೆಲಸಕ್ಕೆ ಬರುತ್ತದೆ, ಬೆರಳಿನ ಉದ್ದವೂ ಉಳಿಯುತ್ತದೆ. ಆದರೆ ವರ್ಷ ಕಳೆಯುವಷ್ಟರಲ್ಲಿ ಎರಡು ದಾರಿಗಳ ನಡುವಿನ ಅಂತರ ಕಿರಿದಾಗುತ್ತದೆ. 1970ರ ದಶಕದ ಮಾದರಿಗಳಲ್ಲಿ ಬಟ್ಟಲು ಸಡಿಲವಾಗುವ, ಕೀಲು ತಪ್ಪುವ ಕಾಟವಿತ್ತು. ಈಚಿನ ಕೆಲವು ಮಾದರಿಗಳಲ್ಲಿ ಹತ್ತು ವರ್ಷದ ನಂತರವೂ ಹತ್ತರಲ್ಲಿ ಒಂಬತ್ತು ಕೀಲುಗಳು ಉಳಿದುಕೊಂಡ ವರದಿಗಳಿವೆ. ಕೈಕೊಟ್ಟರೆ ಅದನ್ನು ತೆಗೆದು ಸಾಮಾನ್ಯವಾಗಿ ಮೊದಲ ದಾರಿಗೇ ಬರಬಹುದು.

ಹಾಗಾಗಿ ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ: ಕೂರಿಸುವ ಮಾದರಿ ಯಾವುದು? ಅದರ ಹತ್ತು ವರ್ಷದ ಫಲಿತಾಂಶವೇನು? ನೀವು ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ? ನನ್ನ ಮೂಳೆ ಅದನ್ನು ತಡೆಯುತ್ತದೆಯೇ?

ಆದರೆ ಆಪರೇಷನ್ನೇ ಮೊದಲ ಮದ್ದಲ್ಲ. ಬೆರಳಿಗೆ ಆಸರೆ ಕೊಡುವ ಸ್ಪ್ಲಿಂಟ್, ವ್ಯಾಯಾಮ, ಡಾಕ್ಟರು ಹೇಳಿದ ನೋವಿನ ಮಾತ್ರೆ ಮೊದಲು. ದಪ್ಪ ಹಿಡಿಯ ಚಾಕು ಬಳಸಿ, ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ. ಮನೆಯವರೂ ಸ್ವಲ್ಪ ಕೈಜೋಡಿಸಲಿ.

ಅತ್ತೆ ಸದ್ಯಕ್ಕೆ ಸ್ಪ್ಲಿಂಟ್‌ನಲ್ಲೇ ನಿಭಾಯಿಸುತ್ತಿದ್ದಾರೆ. ಕಾಯಿ ತುರಿಯುವ ಸರದಿ ಈಗ ಮಗನದು!