ಮೊಳೆ ಜೋಡಿಸುವ ಕಾಯಕ: ವಚನಗಳನ್ನು ಮನೆಮನೆಗೆ ಮುಟ್ಟಿಸಿದ ಅಚ್ಚಿನ ವಿದ್ಯೆ

ಹನ್ನೆರಡನೆಯ ಶತಮಾನದ ಶರಣರ ವಾಣಿಯನ್ನು ಇಂದು ನಾವು ಮನೆಯ ಕಪಾಟಿನಿಂದ ಕೈಗೆತ್ತಿಕೊಂಡು ಓದುತ್ತೇವೆ. ನೂರು ವರ್ಷಗಳ ಹಿಂದೆ ಈ ಭಾಗ್ಯ ಸುಲಭವಾಗಿರಲಿಲ್ಲ. ವಚನಗಳು ಮಠಗಳ ಗಂಟುಗಳಲ್ಲಿ, ಭಕ್ತರ ಮನೆಯ ಅಟ್ಟಗಳಲ್ಲಿ ತಾಳೆಗರಿಯ ಕಟ್ಟುಗಳಾಗಿ ಉಳಿದಿದ್ದವು. ಆ ಕಟ್ಟುಗಳಿಂದ ಓದುಗನ ಕೈಗೆ ಅವು ಬಂದದ್ದು ಸೀಸದ ಮೊಳೆಗಳ ಮೂಲಕ. ಆದುದರಿಂದ ಮೊಳೆ ಅಚ್ಚಿನ ವಿದ್ಯೆಯನ್ನು ಅರಿಯುವುದು ನಮಗೆ ಕೇವಲ ಕುತೂಹಲದ ಸಂಗತಿಯಲ್ಲ. ನಮ್ಮ ಧರ್ಮಸಾಹಿತ್ಯ ಉಳಿದುಬಂದ ಬಗೆಯನ್ನು ಅರಿಯುವುದೂ ಹೌದು.

ಈ ಮಾತಿಗೆ ವಚನ ಪಿತಾಮಹ ಫ.ಗು. ಹಳಕಟ್ಟಿಯವರ ಬದುಕೇ ಸಾಕ್ಷಿ. ವೃತ್ತಿಯಿಂದ ವಕೀಲರಾಗಿದ್ದ ಅವರು ಊರೂರು ತಿರುಗಿ ತಾಳೆಗರಿಗಳನ್ನು ಕೂಡಿಸಿ, ಪಾಠಗಳನ್ನು ಹೋಲಿಸಿ ಸಿದ್ಧಪಡಿಸಿದ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯವನ್ನೇ ನೆಚ್ಚಿದರೆ ಕಾರ್ಯ ಮುಂದುವರಿಯದೆಂದು ಮನಗಂಡು, ಸ್ವಂತ ಮನೆಯನ್ನೇ ಮಾರಿ 1925ರಲ್ಲಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ ಹೊರಬಂದವು. ಪುಸ್ತಕದ ಮುಖಪುಟದಲ್ಲಿ ಸಂಪಾದಕರ ಹೆಸರಿರುತ್ತದೆ. ಆದರೆ ಒಂದೊಂದು ಅಕ್ಷರವನ್ನೂ ಕೈಯಿಂದ ಎತ್ತಿ ಜೋಡಿಸಿದವರ ಹೆಸರು ಎಲ್ಲಿಯೂ ಇರುವುದಿಲ್ಲ. ಅವರ ಕಾಯಕ ಎಂಥದೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಅಚ್ಚಿನ ಮೊಳೆಯು ಸೀಸ, ಆಂಟಿಮನಿ ಮತ್ತು ತವರ ಬೆರೆತ ಲೋಹದ ಸಣ್ಣ ಕಂಬ. ಅದರ ತಲೆಯ ಮೇಲೆ ಅಕ್ಷರವು ತಿರುಗುಮುರುಗಾಗಿ ಉಬ್ಬಿರುತ್ತದೆ. ಸೀಸ ಬೇಗ ಕರಗಿ ಅಚ್ಚಿಗೆ ಇಳಿಯುತ್ತದೆ; ಆಂಟಿಮನಿ ಅದಕ್ಕೆ ಗಡಸುತನ ಕೊಡುತ್ತದೆ. ಮೊಳೆಯ ಗಾತ್ರವನ್ನು ಪಾಯಿಂಟ್‌ಗಳಲ್ಲಿ ಅಳೆಯುತ್ತಾರೆ. 72 ಪಾಯಿಂಟ್ ಸೇರಿದರೆ ಸುಮಾರು ಒಂದು ಅಂಗುಲ. ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಮತ್ತು ಚಿಹ್ನೆಗಳು ಸಾಕು. ಕನ್ನಡಕ್ಕಾದರೋ ಮೂಲಾಕ್ಷರಗಳ ಜೊತೆಗೆ ಕಾಗುಣಿತದ ರೂಪಗಳು ಬೇಕು, ಒತ್ತಕ್ಷರಗಳು ಬೇಕು. ಹೀಗಾಗಿ ಖಾನೆಗಳ ಸಂಖ್ಯೆ ನೂರಾರು. ಯಾವ ಅಕ್ಷರ ಯಾವ ಖಾನೆಯಲ್ಲಿದೆ ಎಂಬುದು ಕಣ್ಣಿಗಲ್ಲ, ಬೆರಳಿಗೆ ತಿಳಿದಿರಬೇಕು. ಇದೇ ಕಲಿಕೆಯ ಮೊದಲ ಮೆಟ್ಟಿಲು. ಅಚ್ಚಾಗಿ ಮುಗಿದ ಪುಟದ ಮೊಳೆಗಳನ್ನು ಬಿಚ್ಚಿ ಮರಳಿ ಅವುಗಳ ಖಾನೆಗೆ ಹಂಚುವ ಕೆಲಸದಿಂದ ಆರಂಭಿಸಿದರೆ ಖಾನೆಗಳ ಪರಿಚಯ ತಾನಾಗಿ ಆಗುತ್ತದೆ.

ಎರಡನೆಯ ಮೆಟ್ಟಿಲು ಜೋಡಣೆ. ಎಡಗೈಯಲ್ಲಿ ಹಿಡಿದ ಸ್ಟಿಕ್ ಎಂಬ ಲೋಹದ ಅಚ್ಚುಗಟ್ಟಿಗೆ ಬಲಗೈ ಒಂದೊಂದೇ ಮೊಳೆಯನ್ನು ಇಳಿಸುತ್ತದೆ. ಸಾಲು ಎಡದಿಂದ ಬಲಕ್ಕೆ ಸಾಗುತ್ತದೆ, ಆದರೆ ಅಕ್ಷರಗಳು ತಲೆಕೆಳಗಾಗಿರುತ್ತವೆ. ಮೊಳೆಯ ಪಕ್ಕದಲ್ಲಿರುವ ಗೀರು ಬೆರಳಿಗೆ ತಾಗಿದರೆ ಅದನ್ನು ಯಾವ ಕಡೆಗೆ ತಿರುಗಿಸಿ ನಿಲ್ಲಿಸಬೇಕೆಂಬುದು ನೋಡದೆಯೇ ತಿಳಿಯುತ್ತದೆ. ಪದಗಳ ನಡುವೆ ಅಕ್ಷರವಿಲ್ಲದ ಗಿಡ್ಡ ಮೊಳೆಗಳನ್ನಿಟ್ಟು ಸಾಲನ್ನು ಬಿಗಿಗೊಳಿಸಬೇಕು. ವಚನದ ಸಾಲು ಅರ್ಧಕ್ಕೇ ಮುಗಿದರೂ ಉಳಿದ ಜಾಗವನ್ನು ಖಾಲಿ ಲೋಹದಿಂದ ತುಂಬಲೇಬೇಕು. ಕಾಗದದ ಮೇಲೆ ಬರಿದಾಗಿ ಕಾಣುವ ಬಿಳಿಯ ಜಾಗವೂ ಅಚ್ಚುಕೂಟದಲ್ಲಿ ತೂಕವುಳ್ಳ ವಸ್ತು. ಅದು ಸಡಿಲವಾದರೆ ಇಡೀ ಪುಟ ಕುಸಿಯುತ್ತದೆ.

ಮೂರನೆಯದು ಕರಡು. ಜೋಡಿಸಿದ ಸಾಲುಗಳನ್ನು ಗ್ಯಾಲಿಯಲ್ಲಿಟ್ಟು, ಶಾಯಿ ಸವರಿ, ಒಂದು ಪ್ರತಿ ತೆಗೆದು ತಿದ್ದುತ್ತಾರೆ. ವಚನ ಗ್ರಂಥಗಳಿಗೆ ಈ ಹಂತವೇ ಪ್ರಾಣ. ‘ಅರಿವು’ ಎಂಬಲ್ಲಿ ಒಂದು ಮೊಳೆ ಬದಲಾಗಿ ‘ಅರಿವೆ’ ಎಂದಾದರೆ ಜ್ಞಾನವು ಬಟ್ಟೆಯಾಗುತ್ತದೆ. ‘ಮನ’ಕ್ಕೆ ದೀರ್ಘ ಸೇರಿದರೆ ‘ಮಾನ’ವಾಗುತ್ತದೆ. ತಾಳೆಗರಿಯಲ್ಲಿ ಲಿಪಿಕಾರನ ತಪ್ಪು ಒಂದು ಪ್ರತಿಯಲ್ಲಿ ಉಳಿದರೆ, ಅಚ್ಚಿನಲ್ಲಿ ಅದೇ ತಪ್ಪು ಸಾವಿರ ಮನೆಗಳಿಗೆ ಹೋಗುತ್ತದೆ. ಆದುದರಿಂದ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಮತ್ತೊಬ್ಬರು ಕರಡನ್ನು ನೋಡುತ್ತ ಹೋಗುವುದು ಉತ್ತಮ ಪದ್ಧತಿ.

ನಾಲ್ಕನೆಯದು ಪುಟಗಳ ಹೊಂದಿಕೆ. ಹದಿನಾರು ಪುಟಗಳ ಒಂದು ಫಾರಂನಲ್ಲಿ ಹಾಳೆಯ ಒಂದು ಮಗ್ಗುಲಿಗೆ 1, 4, 5, 8, 9, 12, 13, 16ನೆಯ ಪುಟಗಳೂ ಇನ್ನೊಂದು ಮಗ್ಗುಲಿಗೆ ಉಳಿದ ಎಂಟೂ ಬರುತ್ತವೆ. ಮಡಿಸಿದಾಗ ಕ್ರಮ ಸರಿಯಾಗಿ ಕೂಡುತ್ತದೆ. ಜೋಡಿಯಾಗಿ ಪಕ್ಕಪಕ್ಕದಲ್ಲಿ ಕೂರುವ ಪುಟಗಳ ಅಂಕಿಗಳನ್ನು ಕೂಡಿಸಿದರೆ ಯಾವಾಗಲೂ 17. ಹೊಂದಿಕೆ ತಪ್ಪಿಲ್ಲವೆಂದು ಪರೀಕ್ಷಿಸಲು ಈ ಲೆಕ್ಕ ಸಾಕು. ಬಳಿಕ ಪುಟಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿರಿಸಿ, ಮರದ ಪಟ್ಟಿ ಮತ್ತು ಬೆಣೆಗಳಿಂದ ಬಿಗಿದು ಯಂತ್ರಕ್ಕೇರಿಸುತ್ತಾರೆ. ಸಣ್ಣ ಕೆಲಸಗಳಿಗೆ ಬಳಸುವ ಟ್ರೆಡಲ್ ಯಂತ್ರದಲ್ಲಿ ಕಾಲು ತುಳಿಯುತ್ತಿರುವಾಗಲೇ ಬಲಗೈ ಕಾಗದವಿಡುತ್ತದೆ, ಎಡಗೈ ಅಚ್ಚಾದ ಹಾಳೆಯನ್ನು ತೆಗೆಯುತ್ತದೆ. ಗಮನ ಚದುರಿದರೆ ಬೆರಳು ಯಂತ್ರದ ಬಾಯಿಗೆ ಸಿಗುತ್ತದೆ. ಕಲಿಯುವವರು ಹಿರಿಯರ ಕಣ್ಣೆದುರಿನಲ್ಲಿಯೇ ಕಲಿಯಬೇಕು. ಸೀಸ ವಿಷವಾದುದರಿಂದ ಮೊಳೆ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಉಣ್ಣಬಾರದು.

ಆಫ್‌ಸೆಟ್ ಮತ್ತು ಗಣಕಯಂತ್ರಗಳು ಬಂದ ಮೇಲೆ ಈ ವಿದ್ಯೆ ಹಿಂದೆ ಸರಿದಿದೆ. ಅದಕ್ಕಾಗಿ ಹಲುಬುವುದು ನಮ್ಮ ಉದ್ದೇಶವಲ್ಲ. ಇಂದು ಈ ಬರಹವೂ ನಿಮಗೆ ತಲುಪುತ್ತಿರುವುದು ಹೊಸ ಸಾಧನದಿಂದಲೇ. ಆದರೆ ನಿಂತುಹೋದ ಅಚ್ಚುಕೂಟಗಳ ಮೊಳೆಗಳು ತೂಕದ ಲೆಕ್ಕದಲ್ಲಿ ಗುಜರಿ ಸೇರುತ್ತಿವೆ. ಒಮ್ಮೆ ಕರಗಿದ ಕನ್ನಡದ ಮೊಳೆಯನ್ನು ಮತ್ತೆ ಎರಕ ಹೊಯ್ಯುವವರನ್ನು ಹುಡುಕುವುದು ಸುಲಭವಲ್ಲ. ಅದಕ್ಕಿಂತ ಮುಖ್ಯವಾಗಿ, ಮೊಳೆ ಜೋಡಿಸಬಲ್ಲ ಹಿರಿಯರು ವಯೋವೃದ್ಧರಾಗುತ್ತಿದ್ದಾರೆ. ಬೆರಳಿನಲ್ಲಿರುವ ವಿದ್ಯೆಯನ್ನು ಬರೆದಿಟ್ಟು ಉಳಿಸಲಾಗದು. ಇನ್ನೊಬ್ಬರ ಬೆರಳಿಗೆ ದಾಟಿಸಿದರೆ ಮಾತ್ರ ಅದು ಉಳಿದೀತು.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ. ತಮ್ಮ ಮನೆತನದಲ್ಲಿ ಹಳೆಯ ಅಚ್ಚುಕೂಟವಿದ್ದರೆ, ಮಾರುವ ಮುನ್ನ ಕನ್ನಡ ಮೊಳೆಗಳ ಒಂದು ಪೂರ್ಣ ಜೋಡಿಯನ್ನಾದರೂ ಖಾನೆಗಳ ಸಮೇತ ಕಾಪಾಡಿರಿ. ಊರಿನಲ್ಲಿ ಮೊಳೆ ಜೋಡಿಸಿ ಬಾಳಿದ ಹಿರಿಯರಿದ್ದರೆ ಮಕ್ಕಳನ್ನು ಅವರ ಬಳಿ ಕರೆದೊಯ್ಯಿರಿ. ಒಂದೇ ಒಂದು ವಚನವನ್ನು ಮಕ್ಕಳು ತಮ್ಮ ಕೈಯಿಂದ ಜೋಡಿಸಿ ಅಚ್ಚುಮಾಡಲಿ. ಪ್ರತಿ ಅಕ್ಷರದ ಮೇಲೂ ಅಷ್ಟು ಹೊತ್ತು ನಿಲ್ಲುವ ಓದು ಬೇರಾವ ರೀತಿಯಲ್ಲಿಯೂ ದೊರೆಯದು. ಹೆಸರು ಬಯಸದೆ ದುಡಿದ ಆ ಕಾಯಕಜೀವಿಗಳ ಕೈಗಳಿಗೆ ನಾವು ಸಲ್ಲಿಸಬಹುದಾದ ಗೌರವವೂ ಅದೇ ಆಗಿದೆ.